ಡ್ರಮ್ಸ್ ಅಭ್ಯಾಸದಲ್ಲಿ ಕನ್ನಡಿಯ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರಮ್ ಸೆಟ್ ಅಥವಾ ಪ್ರಾಕ್ಟೀಸ್ ಪ್ಯಾಡಿನ (ಕಡಿಮೆ ಸದ್ದಿನಲ್ಲಿ ಅಭ್ಯಾಸ ಮಾಡುವ ರಬ್ಬರ್ ಹಲಗೆಯ) ಮೇಲೆ ಕೈ ಪಳಗಿಸುತ್ತಿರುವ ಬಹಳ ಮಂದಿ ವಾರಕ್ಕೊಮ್ಮೆ ಶಿಕ್ಷಕರ ಎದುರು ಕುಳಿತು, ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಾರೆ. ತಪ್ಪು ರೂಢಿಗಳು ಬೇರೂರುವುದು ಬಹುಮಟ್ಟಿಗೆ ಆ ಒಂಟಿ ಗಂಟೆಗಳಲ್ಲಿಯೇ. ಆ ಹೊತ್ತಿನಲ್ಲಿ ಎದುರಿಗೊಂದು ಕನ್ನಡಿ ಇದ್ದರೆ ಅದನ್ನು ಹೇಗೆ ಬಳಸಬೇಕು, ಯಾವಾಗ ಅದರಿಂದ ಮುಖ ತಿರುಗಿಸಬೇಕು ಎಂಬ ಬಗ್ಗೆ ಕಲಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ವಾದ್ಯ ನುಡಿಸುವುದು ಕಿವಿಯ ವಿದ್ಯೆಯಲ್ಲವೇ? ಅದಕ್ಕೆ ಕನ್ನಡಿ ಏಕೆ ಬೇಕು?

ಕಿವಿ ಹೇಳುವುದು ಫಲವನ್ನು. ಆ ಫಲಕ್ಕೆ ಕಾರಣವೇನೆಂಬುದನ್ನು ಅದು ಎಷ್ಟೋ ಸಲ ಹೇಳಲಾರದು. ಎಡಗೈ ಪೆಟ್ಟು ಬಲಗೈ ಪೆಟ್ಟಿಗಿಂತ ಮೆತ್ತಗೆ ಕೇಳಿಸುತ್ತಿದೆ ಎಂದಿಟ್ಟುಕೊಳ್ಳಿ. ಎಡಗೈಯ ಸ್ಟಿಕ್ ಕಡಿಮೆ ಎತ್ತರದಿಂದ ಇಳಿಯುತ್ತಿರಬಹುದು, ಮಣಿಕಟ್ಟು ಬಿಗಿದು ಇಡೀ ಮುಂಗೈಯೇ ಚಲಿಸುತ್ತಿರಬಹುದು, ಕಿರುಬೆರಳು ಮತ್ತು ಉಂಗುರ ಬೆರಳು ಸ್ಟಿಕ್‌ನಿಂದ ದೂರ ಸರಿದು ಅದಕ್ಕೆ ಆಸರೆ ಇಲ್ಲದಂತಾಗಿರಬಹುದು. ಈ ಮೂರರಲ್ಲಿ ಯಾವುದಾದರೂ ಕಿವಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಕೇಳಿಸುತ್ತದೆ. ತಿದ್ದುವ ದಾರಿ ಮಾತ್ರ ಮೂರಕ್ಕೂ ಬೇರೆ.

ಹಾಗಾದರೆ ನೇರವಾಗಿ ಕೈಯನ್ನೇ ನೋಡಿಕೊಳ್ಳಬಹುದಲ್ಲ ಎಂದು ಅನ್ನಿಸುವುದು ಸಹಜ. ಆದರೆ ನುಡಿಸುವವರ ಕಣ್ಣು ಪ್ಯಾಡಿನ ಮೇಲ್ಗಡೆ ಇರುತ್ತದೆ. ಸ್ಟಿಕ್‌ನ ತುದಿ ಮೇಲೆದ್ದಾಗ ಅದು ಹೆಚ್ಚಾಗಿ ಕಣ್ಣಿನ ಕಡೆಗೇ ಬರುವುದರಿಂದ, ಅದು ಮೂರು ಇಂಚು ಎದ್ದಿತೋ ಆರು ಇಂಚು ಎದ್ದಿತೋ ಎಂಬುದನ್ನು ಮೇಲಿನಿಂದ ಅಂದಾಜು ಮಾಡುವುದು ಬಹಳ ಕಷ್ಟ. ಎದುರಿಗೆ ಕುಳಿತ ಶಿಕ್ಷಕರಿಗೆ ಒಂದೇ ನೋಟಕ್ಕೆ ಕಾಣುವ ವ್ಯತ್ಯಾಸ ನುಡಿಸುವವರಿಗೆ ಕಾಣದಿರುವುದಕ್ಕೆ ಇದೇ ಕಾರಣ. ಕನ್ನಡಿ ನಮಗೆ ಶಿಕ್ಷಕರು ಕೂರುವ ಜಾಗದ ನೋಟವನ್ನು ಕೊಡುತ್ತದೆ.

ಇದರ ಜೊತೆಗೆ ದೇಹವು ತನ್ನ ಬಗ್ಗೆ ತಾನೇ ಕೊಡುವ ವರದಿ ಯಾವಾಗಲೂ ನಂಬಿಕೆಗೆ ಅರ್ಹವಲ್ಲ. ತಿಂಗಳುಗಟ್ಟಲೆ ಬಲ ಹೆಗಲನ್ನು ಎತ್ತಿ ಹಿಡಿದು ನುಡಿಸಿದವರಿಗೆ ಆ ಎತ್ತಿದ ಹೆಗಲೇ ಸಹಜ ಸ್ಥಿತಿಯೆನಿಸುತ್ತದೆ, ಅದನ್ನು ಇಳಿಸಿದರೆ ಸೊಟ್ಟಗೆ ಕುಳಿತಂತೆ ಭಾಸವಾಗುತ್ತದೆ. ಹಾಗೆ ಅನ್ನಿಸುವುದಕ್ಕೂ ವಾಸ್ತವವಾಗಿ ಇರುವುದಕ್ಕೂ ನಡುವಿನ ಅಂತರವನ್ನು ಅಳೆಯುವುದೇ ಕನ್ನಡಿಯ ಮುಖ್ಯ ಕೆಲಸವೆಂದು ನಾನು ಭಾವಿಸುತ್ತೇನೆ.

ಎಷ್ಟು ದೊಡ್ಡ ಕನ್ನಡಿ ಬೇಕು?

ನಿಂತ ವ್ಯಕ್ತಿಗೆ ತನ್ನ ಪೂರ್ಣ ಪ್ರತಿಬಿಂಬ ಕಾಣಲು ತನ್ನ ಎತ್ತರದ ಅರ್ಧದಷ್ಟಿರುವ ಸಮತಲ ಕನ್ನಡಿ ಸಾಕೆಂಬುದು ಶಾಲೆಯ ಭೌತಶಾಸ್ತ್ರದಲ್ಲಿ ಬರುವ ಸಂಗತಿ. ಹಿಂದೆ ಸರಿದರೆ ಮೈ ಇನ್ನಷ್ಟು ಕಾಣುತ್ತದೆ ಎಂಬ ನಂಬಿಕೆ ತಪ್ಪು. ದೂರ ಎಷ್ಟಿದ್ದರೂ ಆ ಅರ್ಧದ ಲೆಕ್ಕ ಬದಲಾಗುವುದಿಲ್ಲ. ಸ್ಟೂಲಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿರುತ್ತದೆ ಎಂದುಕೊಂಡರೆ ಎರಡೂಕಾಲು ಅಡಿಯ ಕನ್ನಡಿ ಸಾಕಾಗಬೇಕು. ಆದರೆ ಕೈ, ಸ್ಟಿಕ್, ಪ್ಯಾಡ್ ಇವು ಕಣ್ಣಿಗಿಂತ ಕನ್ನಡಿಗೆ ಹತ್ತಿರ ಇರುವುದರಿಂದ ಅವು ಕನ್ನಡಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತವೆ. ಆದಕಾರಣ ಮೂರು ಅಡಿ ಎತ್ತರ, ಎರಡು ಅಡಿ ಅಗಲದ ಕನ್ನಡಿ ಪ್ಯಾಡ್ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಮನೆಯ ಬೀರುವಿನ ಬಾಗಿಲಿಗೆ ಕೂಡಿಸಿದ ನಿಲುಗನ್ನಡಿ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ. ಪ್ಯಾಡನ್ನೂ ಸ್ಟೂಲನ್ನೂ ಅದರ ಎದುರಿಗೆ ಒಯ್ದರಾಯಿತು.

ಕೊಳ್ಳುವುದೇ ಆದರೆ ಗಾಜಿನದನ್ನೇ ಕೊಳ್ಳುವುದು ಒಳ್ಳೆಯದು. ಅಕ್ರಿಲಿಕ್ ಕನ್ನಡಿ ಹಗುರ ಮತ್ತು ಒಡೆಯುವ ಭಯವಿಲ್ಲದ್ದಾದರೂ, ತೆಳುವಾದ ಹಾಳೆ ಸ್ವಲ್ಪ ಬಾಗಿದರೂ ಪ್ರತಿಬಿಂಬ ಸೊಟ್ಟಗಾಗುತ್ತದೆ. ಎರಡು ಸ್ಟಿಕ್‌ಗಳ ಎತ್ತರವನ್ನು ಹೋಲಿಸಬೇಕಾದ ಕೆಲಸಕ್ಕೆ ಸೊಟ್ಟ ಪ್ರತಿಬಿಂಬ ಪ್ರಯೋಜನಕ್ಕೆ ಬಾರದು.

ಅದನ್ನು ಎಲ್ಲಿ, ಯಾವ ಕೋನದಲ್ಲಿ ಇಡಬೇಕು?

ಮೊದಲಿಗೆ ನೇರ ಎದುರಿಗೆ, ನಾಲ್ಕರಿಂದ ಆರು ಅಡಿ ದೂರದಲ್ಲಿ, ಲಂಬವಾಗಿ ನಿಲ್ಲಿಸಿ. ಗೋಡೆಗೆ ಓರೆಯಾಗಿ ಒರಗಿಸಿದ ಕನ್ನಡಿ ದೇಹವನ್ನು ಕೆಳಗಿನಿಂದಲೋ ಮೇಲಿನಿಂದಲೋ ನೋಡಿದಂತೆ ತೋರಿಸುವುದರಿಂದ ಬೆನ್ನಿನ ಬಾಗು ಮತ್ತು ಸ್ಟಿಕ್‌ನ ಎತ್ತರ ಎರಡರ ಬಗ್ಗೆಯೂ ತಪ್ಪು ಅಂದಾಜು ಹುಟ್ಟುತ್ತದೆ. ಬೆಳಕು ಕನ್ನಡಿಯ ಕಡೆಯಿಂದ ಅಥವಾ ಪಕ್ಕದಿಂದ ನಿಮ್ಮ ಕೈಗಳ ಮೇಲೆ ಬೀಳಬೇಕು. ನಿಮ್ಮ ಬೆನ್ನ ಹಿಂದೆ ಕಿಟಕಿ ಇದ್ದರೆ ಪ್ರತಿಬಿಂಬದಲ್ಲಿ ಕಪ್ಪು ಆಕೃತಿಯೊಂದು ಬಿಟ್ಟು ಬೇರೇನೂ ಕಾಣದು.

ಎದುರಿನ ನೋಟದಲ್ಲಿ ಎರಡೂ ಕೈಗಳ ಸಮತೋಲ, ಸ್ಟಿಕ್ ಎತ್ತರ, ಹೆಗಲು ಮತ್ತು ಕತ್ತು ಚೆನ್ನಾಗಿ ಕಾಣುತ್ತವೆ. ಬೆನ್ನೆಲುಬು ಬಾಗಿದೆಯೇ, ಮೊಣಕೈ ದೇಹದಿಂದ ಮುಂದಕ್ಕೆ ಚಾಚಿದೆಯೇ, ಮಣಿಕಟ್ಟು ಎಷ್ಟು ಮಡಚುತ್ತಿದೆ ಎಂಬುದನ್ನು ತಿಳಿಯಲು ಪಕ್ಕದ ನೋಟ ಬೇಕು. ಅದಕ್ಕಾಗಿ ಕನ್ನಡಿಯನ್ನು ಪೂರ್ತಿ ಪಕ್ಕಕ್ಕಿಟ್ಟು ಕತ್ತು ತಿರುಗಿಸಿ ನೋಡುತ್ತಾ ನುಡಿಸಬೇಡಿ. ಕತ್ತು ತಿರುಗಿದಾಗ ಹೆಗಲೂ ತಿರುಗುತ್ತದೆ, ಪರೀಕ್ಷಿಸಬೇಕಾದ ಭಂಗಿಯೇ ಕೆಟ್ಟುಹೋಗುತ್ತದೆ. ಎದುರಿನ ಕನ್ನಡಿಯ ಜೊತೆಗೆ ಇನ್ನೊಂದನ್ನು ಓರೆ ಮುಂಭಾಗದಲ್ಲಿಟ್ಟು ಕಣ್ಣನ್ನು ಮಾತ್ರ ಹೊರಳಿಸಿ ನೋಡುವುದು ಮೇಲು.

ಡ್ರಮ್ ಸೆಟ್ ಇರುವ ಕೋಣೆಯಲ್ಲಿ ಬೇಸ್ ಡ್ರಮ್‌ನ (ಪಾದದಿಂದ ನುಡಿಸುವ ದೊಡ್ಡ ಡ್ರಮ್‌ನ) ಕಂಪನಕ್ಕೆ ಸುಮ್ಮನೆ ಒರಗಿಸಿಟ್ಟ ಗಾಜು ಇಂಚಿಂಚಾಗಿ ಜಾರುತ್ತದೆ. ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಲೇಬೇಕು.

ಎಡ ಬಲ ಅದಲು ಬದಲಾಗಿ ಕಾಣುವುದರಿಂದ ಗೊಂದಲವಾಗುವುದಿಲ್ಲವೇ?

ನಿಮ್ಮ ಬಲಗೈ ಕನ್ನಡಿಯಲ್ಲೂ ನಿಮ್ಮ ಬಲಬದಿಗೇ ಇರುತ್ತದೆ. ಆದ್ದರಿಂದ ನಿಮ್ಮನ್ನು ನೀವೇ ತಿದ್ದಿಕೊಳ್ಳುವಾಗ ಗೊಂದಲವಾಗುವುದಿಲ್ಲ. ಬೇರೊಬ್ಬರ ವಿಡಿಯೊ ಜೊತೆಗೆ ನಿಮ್ಮ ಪ್ರತಿಬಿಂಬವನ್ನು ಹೋಲಿಸುವಾಗ ಮಾತ್ರ ಎಚ್ಚರ ಬೇಕು. ಬಲಗೈಯವರ ಪ್ರತಿಬಿಂಬ, ಎದುರಿಗೆ ಕುಳಿತ ಎಡಗೈ ಡ್ರಮ್ಮರ್ ಒಬ್ಬರಂತೆ ಕಾಣುತ್ತದೆ.

ಕನ್ನಡಿಯ ಮುಂದೆ ಕುಳಿತ ಕೂಡಲೇ ಮೊದಲು ಏನನ್ನು ನೋಡಬೇಕು?

ನುಡಿಸದೆ ನೋಡುವುದರಿಂದ ಆರಂಭಿಸಿ. ಸ್ಟಿಕ್‌ಗಳನ್ನು ಕೈಯಲ್ಲಿ ಹಿಡಿದು, ತೋಳುಗಳನ್ನು ಇಳಿಬಿಟ್ಟು, ಒಂದು ದೀರ್ಘ ಉಸಿರನ್ನು ಬಿಟ್ಟು ನೋಡಿದಾಗ ಎರಡೂ ಹೆಗಲು ಒಂದೇ ಮಟ್ಟದಲ್ಲಿವೆಯೇ, ತಲೆ ಒಂದು ಬದಿಗೆ ವಾಲಿದೆಯೇ, ಸೊಂಟ ಸ್ಟೂಲಿನ ನಡುವೆ ಇದೆಯೇ ಎಂಬುದು ತಿಳಿಯುತ್ತದೆ. ತೊಡೆಗಳು ಮಂಡಿಯ ಕಡೆಗೆ ತುಸು ಇಳಿಜಾರಾಗಿರುವಷ್ಟು ಸ್ಟೂಲಿನ ಎತ್ತರ ಬಹುತೇಕರಿಗೆ ಹೊಂದುತ್ತದೆ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಕೆಳಬೆನ್ನು ಗೂನಾಗುತ್ತದೆ, ಆ ಗೂನಿನ ಪರಿಣಾಮ ಕೊನೆಗೆ ಕೈಯವರೆಗೂ ಬರುತ್ತದೆ. ಈ ಹಂತವನ್ನು ಹಾರಿಸಿ ನೇರವಾಗಿ ಬೆರಳುಗಳನ್ನು ನೋಡಲು ಹೋಗುವವರೇ ಹೆಚ್ಚು. ಕುಳಿತ ರೀತಿ ಸರಿಯಿಲ್ಲದೆ ಹಿಡಿತವನ್ನು ತಿದ್ದುವ ಪ್ರಯತ್ನ ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ.

ಬಳಿಕ ಹಿಡಿತ. ಸಾಮಾನ್ಯವಾಗಿ ಬಳಸುವ 5ಎ ಸ್ಟಿಕ್ ಸುಮಾರು 16 ಇಂಚು ಉದ್ದವಿರುತ್ತದೆ. ಹಿಂದಿನ ತುದಿಯಿಂದ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ ಹಿಡಿದಾಗ ಅದು ಪುಟಿಯಲು ಒಳ್ಳೆಯ ಅವಕಾಶ ಸಿಗುತ್ತದೆ. ಎರಡು ಕೈಗಳೂ ಒಂದೇ ಜಾಗದಲ್ಲಿ ಹಿಡಿದಿವೆಯೇ ಎಂಬುದನ್ನು ಅಂಗೈಯ ಹಿಂದೆ ಹೊರಚಾಚಿದ ಸ್ಟಿಕ್‌ನ ಉದ್ದ ನೋಡಿಯೇ ಹೇಳಬಹುದು. ತೋರುಬೆರಳು ಸ್ಟಿಕ್‌ನ ಮೇಲೆ ನೇರವಾಗಿ ಚಾಚಿಕೊಂಡಿದ್ದರೆ, ಹೆಬ್ಬೆರಳ ಗೆಣ್ಣು ಬಿಳಿಚಿಕೊಂಡಿದ್ದರೆ, ಕಿರುಬೆರಳು ಗಾಳಿಯಲ್ಲಿ ಎದ್ದಿದ್ದರೆ ಬಿಗಿತ ಎಲ್ಲಿದೆಯೆಂಬುದು ಗೊತ್ತಾದಂತೆಯೇ. ಅಂಗೈ ನೆಲ ನೋಡುವ ಜರ್ಮನ್ ಹಿಡಿತ, ಹೆಬ್ಬೆರಳು ಮೇಲಿರುವ ಫ್ರೆಂಚ್ ಹಿಡಿತ, ಇವೆರಡರ ನಡುವಿನ ಅಮೆರಿಕನ್ ಹಿಡಿತ, ಇವುಗಳಲ್ಲಿ ಯಾವುದನ್ನು ಕಲಿತಿದ್ದರೂ ಎರಡು ಕೈಗಳೂ ಒಂದನ್ನೇ ಪಾಲಿಸಬೇಕು. ಬಲಗೈ ಜರ್ಮನ್ ಹಿಡಿತದಲ್ಲಿದ್ದು ಎಡಗೈ ಅರಿವಿಲ್ಲದೆ ಫ್ರೆಂಚ್ ಕಡೆಗೆ ಹೊರಳಿರುವುದು ತೀರಾ ಸಾಮಾನ್ಯ, ಕನ್ನಡಿಯಲ್ಲಿ ಅದು ಕೂಡಲೇ ಕಾಣುತ್ತದೆ.

ಒಂದು ಸಲಕ್ಕೆ ಒಂದೇ ಅಂಶವನ್ನು ನೋಡಿ. ಹೆಗಲು, ಮಣಿಕಟ್ಟು, ಬೆರಳು ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಯಾವುದೂ ತಿದ್ದುವುದಿಲ್ಲ.

ಸ್ಟಿಕ್‌ನ ಎತ್ತರಕ್ಕೆ ಅಷ್ಟು ಮಹತ್ವ ಏಕೆ? ಅದನ್ನು ಕನ್ನಡಿಯಲ್ಲಿ ಅಳೆಯುವುದು ಹೇಗೆ?

ಸಡಿಲವಾದ ಕೈಯಲ್ಲಿ ಪೆಟ್ಟಿನ ಗಟ್ಟಿತನವನ್ನು ನಿರ್ಧರಿಸುವುದು ಬಹುಮಟ್ಟಿಗೆ ಸ್ಟಿಕ್ ಎಷ್ಟು ಎತ್ತರದಿಂದ ಇಳಿಯಿತು ಎಂಬುದು. ಎತ್ತರ ಒಂದೇ ಆಗಿದ್ದು ನಾದ ಬೇರೆಯಾಗುತ್ತಿದ್ದರೆ ಎಲ್ಲೋ ಸ್ನಾಯುವಿನ ಬಲ ಬೆರೆಯುತ್ತಿದೆ ಎಂದರ್ಥ. ಈ ಕಾರಣದಿಂದಲೇ ಮೆರವಣಿಗೆಯ ಡ್ರಮ್ ತಂಡಗಳಲ್ಲಿ 3, 6, 9, 12 ಇಂಚು ಎಂದು ಎತ್ತರಗಳನ್ನು ಗೊತ್ತುಮಾಡಿ, ಸಾಲಿನಲ್ಲಿರುವ ಎಲ್ಲರ ಸ್ಟಿಕ್‌ಗಳೂ ಒಂದೇ ಮಟ್ಟಕ್ಕೆ ಏಳುವಂತೆ ಅಭ್ಯಾಸ ಮಾಡಿಸುತ್ತಾರೆ.

ಮೂಲ ಪೆಟ್ಟುಗಳು ನಾಲ್ಕು, ಅವುಗಳ ವ್ಯತ್ಯಾಸವೆಲ್ಲ ಆರಂಭದ ಮತ್ತು ಅಂತ್ಯದ ಎತ್ತರದಲ್ಲಿದೆ. ಫುಲ್ ಸ್ಟ್ರೋಕ್ ಮೇಲಿನಿಂದ ಇಳಿದು ಪುಟಿದು ಮತ್ತೆ ಮೇಲಕ್ಕೇ ಮರಳುತ್ತದೆ. ಡೌನ್ ಸ್ಟ್ರೋಕ್ ಮೇಲಿನಿಂದ ಇಳಿದು ಕೆಳಗೇ ನಿಲ್ಲುತ್ತದೆ. ಟ್ಯಾಪ್ ಕೆಳಗಿನಿಂದ ಹೊರಟು ಕೆಳಗೇ ಮುಗಿಯುತ್ತದೆ. ಅಪ್ ಸ್ಟ್ರೋಕ್ ಕೆಳಗಿನಿಂದ ಮೆಲ್ಲಗೆ ಬಡಿದು ಮುಂದಿನ ಗಟ್ಟಿ ಪೆಟ್ಟಿಗಾಗಿ ಮೇಲಕ್ಕೇರುತ್ತದೆ. ಕಲಿಯುವವರಲ್ಲಿ ಹೆಚ್ಚಾಗಿ ಕೆಡುವುದು ಡೌನ್ ಸ್ಟ್ರೋಕ್: ಕೆಳಗೆ ನಿಲ್ಲಬೇಕಾದ ಸ್ಟಿಕ್ ನಾಲ್ಕೈದು ಇಂಚು ಪುಟಿದುಬಿಡುತ್ತದೆ, ಅದರಿಂದ ಮುಂದಿನ ಟ್ಯಾಪ್ ಅಗತ್ಯಕ್ಕಿಂತ ಗಟ್ಟಿಯಾಗಿ, ಒತ್ತು ಇರುವ ಮತ್ತು ಇಲ್ಲದ ಪೆಟ್ಟುಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ನಾದ ಮಸುಕಾಗಿದೆ ಎಂದಷ್ಟೇ ಕಿವಿಗೆ ಗೊತ್ತಾಗುವಾಗ, ಪುಟಿದ ಸ್ಟಿಕ್ ಕಣ್ಣಿಗೆ ಎದ್ದು ಕಾಣುತ್ತದೆ.

ಅಳತೆಗೆ ಕನ್ನಡಿಯ ಮೇಲೆ ಬಣ್ಣದ ಟೇಪಿನ ತೆಳು ಪಟ್ಟಿಗಳನ್ನು ಅಡ್ಡಲಾಗಿ ಅಂಟಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಮತ್ತು ವಸ್ತು ಕನ್ನಡಿಯಿಂದ ಒಂದೇ ದೂರದಲ್ಲಿದ್ದರೆ ಗಾಜಿನ ಮೇಲೆ ಪ್ರತಿಬಿಂಬ ಹಿಡಿಯುವ ಜಾಗ ನಿಜ ಅಳತೆಯ ಅರ್ಧ. ಸ್ಟಿಕ್‌ನ ತುದಿ ಕಣ್ಣಿಗಿಂತ ಮುಂದಿರುವುದರಿಂದ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಕಣ್ಣು ಕನ್ನಡಿಯಿಂದ ಐದು ಅಡಿ, ಸ್ಟಿಕ್‌ನ ತುದಿ ಮೂರು ಅಡಿ ದೂರದಲ್ಲಿದ್ದರೆ ಆರು ಇಂಚಿನ ಎತ್ತರಕ್ಕೆ ಗಾಜಿನ ಮೇಲೆ ಮೂರೂಮುಕ್ಕಾಲು ಇಂಚಿನ ಅಂತರ ಸಾಕು. ಅಳತೆಪಟ್ಟಿ ಹಿಡಿದು ಗಾಜಿನ ಮೇಲೆ ಆರು ಇಂಚು ಗುರುತಿಸುವವರು ಹೀಗಾಗಿ ಸುಮಾರು ಒಂಬತ್ತೂವರೆ ಇಂಚು ಎತ್ತುತ್ತಿರುತ್ತಾರೆ. ಲೆಕ್ಕದ ಗೋಜು ಬೇಡವೆಂದರೆ ಪ್ಯಾಡಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ನೀವು ಕೂರುವ ಜಾಗದಿಂದಲೇ ನೋಡುತ್ತಾ, ಮನೆಯವರೊಬ್ಬರಿಂದ ಸರಿಯಾದ ಜಾಗದಲ್ಲಿ ಟೇಪ್ ಅಂಟಿಸಿಕೊಳ್ಳಿ. ತಲೆ ಮುಂದಕ್ಕೆ ಬಾಗಿದರೆ ಪಟ್ಟಿಯೂ ಸ್ಟಿಕ್‌ನ ತುದಿಯೂ ತಾಳೆಯಾಗುವುದಿಲ್ಲ ಎಂಬುದು ನೆನಪಿರಲಿ. ಭಂಗಿ ಕೆಟ್ಟಿದೆ ಎಂಬುದಕ್ಕೆ ಅದೂ ಒಂದು ಸೂಚನೆಯೇ.

ಯಾವ ಪಾಠಗಳಿಗೆ ಕನ್ನಡಿ ಹೆಚ್ಚು ಉಪಯುಕ್ತ?

ತಾಳವಾದ್ಯಗಾರರ ಸಂಸ್ಥೆಯಾದ ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಅಂಗೀಕರಿಸಿದ 40 ರುಡಿಮೆಂಟ್‌ಗಳ (ಡ್ರಮ್ಸ್ ಮೂಲಪಾಠಗಳ) ಪಟ್ಟಿಯಲ್ಲಿ ಎಲ್ಲಕ್ಕೂ ಕನ್ನಡಿಯ ಅಗತ್ಯ ಸಮನಾಗಿಲ್ಲ. ಕೈಗೆ ಒಂದೊಂದು ಪೆಟ್ಟಿನಂತೆ ನುಡಿಸುವ ಸಿಂಗಲ್ ಸ್ಟ್ರೋಕ್ ರೋಲ್‌ನಲ್ಲಿ ಎರಡು ಕೈಗಳ ಹೋಲಿಕೆಯೊಂದೇ ಮುಖ್ಯ. ಕೈಗೆ ಎರಡೆರಡು ಪೆಟ್ಟಿನಂತೆ ನುಡಿಸುವ ಡಬಲ್ ಸ್ಟ್ರೋಕ್‌ನಲ್ಲಿ ಪ್ರತಿ ಜೋಡಿಯ ಎರಡನೆಯ ಪೆಟ್ಟು ಮೊದಲನೆಯದರಷ್ಟೇ ಎತ್ತರದಿಂದ ಬರುತ್ತಿದೆಯೇ ಎಂದು ನೋಡಬೇಕು. ನಿಧಾನಗತಿಯಲ್ಲಿ ಅದು ಸಾಮಾನ್ಯವಾಗಿ ಅರ್ಧಕ್ಕೆ ಕುಸಿದಿರುತ್ತದೆ.

ಕನ್ನಡಿಯ ಬೆಲೆ ಪೂರ್ತಿಯಾಗಿ ತಿಳಿಯುವುದು ಫ್ಲ್ಯಾಮ್‌ನಲ್ಲಿ, ಅಂದರೆ ಒಂದು ಕೈಯ ಮುಖ್ಯ ಪೆಟ್ಟಿಗೆ ತುಸು ಮುನ್ನ ಇನ್ನೊಂದು ಕೈಯ ಮೆಲುಪೆಟ್ಟು ತಾಗುವ ಪಾಠದಲ್ಲಿ. ಬಲಗೈ ಫ್ಲ್ಯಾಮ್ ಆರಂಭಿಸುವ ಮುನ್ನ ಬಲ ಸ್ಟಿಕ್ ಮೇಲೆ, ಎಡ ಸ್ಟಿಕ್ ಪ್ಯಾಡಿನಿಂದ ಒಂದೆರಡು ಇಂಚಿನಷ್ಟೇ ಮೇಲೆ ಇರಬೇಕು. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹೊರಡುತ್ತವೆ. ಕೆಳಗಿನದು ಹತ್ತಿರವಿರುವುದರಿಂದ ತಾನಾಗಿಯೇ ಮೊದಲು ತಾಗುತ್ತದೆ. ಅವುಗಳ ನಡುವಿನ ಸಣ್ಣ ಅಂತರವನ್ನು ಕೈಯ ಚಾತುರ್ಯದಿಂದ ತರಲು ಹೋಗದೆ ಎತ್ತರದ ವ್ಯತ್ಯಾಸಕ್ಕೇ ಬಿಟ್ಟರೆ ಫ್ಲ್ಯಾಮ್ ಚೊಕ್ಕವಾಗುತ್ತದೆ. ಪೆಟ್ಟಿನ ನಂತರ ಮುಂದಿನ ಎಡಗೈ ಫ್ಲ್ಯಾಮ್‌ಗಾಗಿ ಪಾತ್ರಗಳು ಬದಲಾಗಬೇಕು: ಬಲ ಸ್ಟಿಕ್ ಕೆಳಗೇ ಉಳಿಯಬೇಕು, ಎಡದ್ದು ಮೇಲಕ್ಕೇರಬೇಕು. ಈ ಅದಲು ಬದಲು ಆಯಿತೋ ಇಲ್ಲವೋ ಎಂಬುದನ್ನು ಪ್ರತಿ ಫ್ಲ್ಯಾಮ್‌ನ ಕೊನೆಗೂ ಒಂದು ಕ್ಷಣ ನಿಂತು ಕನ್ನಡಿಯಲ್ಲಿ ನೋಡಿ. ಎರಡೂ ಸ್ಟಿಕ್‌ಗಳು ಒಂದೇ ಎತ್ತರದಲ್ಲಿ ನಿಂತಿದ್ದರೆ ಮುಂದಿನ ಫ್ಲ್ಯಾಮ್ ಕೆಡುವುದು ಖಚಿತ.

ಮೊದಲ ಪೆಟ್ಟಿಗೆ ಒತ್ತು ಕೊಟ್ಟು ಪ್ಯಾರಡಿಡಲ್ ನುಡಿಸುವಾಗಲೂ ಹೀಗೆಯೇ. ಬಲದಿಂದ ಆರಂಭಿಸಿದರೆ ಬಲಗೈಯದು ಡೌನ್, ಎಡಗೈಯದು ಅಪ್, ಬಳಿಕ ಬಲಗೈಯ ಎರಡು ಟ್ಯಾಪ್. ಮುಂದಿನ ಭಾಗದಲ್ಲಿ ಎಡಗೈಯದು ಡೌನ್, ಬಲಗೈಯದು ಅಪ್, ಎಡಗೈಯ ಎರಡು ಟ್ಯಾಪ್. ಎರಡನೆಯ ಪೆಟ್ಟು ಬಡಿದ ಕೈ ಕೂಡಲೇ ಮೇಲೇರಿ ಕಾಯುತ್ತಿರಬೇಕು. ಒತ್ತು ಬರುವ ಗಳಿಗೆಯಲ್ಲಿ ಸ್ಟಿಕ್ಕನ್ನು ಅವಸರದಿಂದ ಎತ್ತುವವರ ಲಯ ಅಲ್ಲಿಯೇ ಜಗ್ಗುತ್ತದೆ.

ಎಷ್ಟು ವೇಗದಲ್ಲಿ ನುಡಿಸುತ್ತಾ ನೋಡಬೇಕು?

ಲಯದ ಬಡಿತವನ್ನು ಕೇಳಿಸುವ ಮೆಟ್ರೋನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಮೊದಲು ಒಂದು ಬಡಿತಕ್ಕೆ ಒಂದು ಪೆಟ್ಟು, ನಂತರ ಎರಡು. ಈ ವೇಗದಲ್ಲಿ ಪ್ರತಿ ಪೆಟ್ಟಿನ ಆದಿ ಅಂತ್ಯವನ್ನು ಕಣ್ಣು ಹಿಂಬಾಲಿಸಬಲ್ಲದು. ನಿಮಿಷಕ್ಕೆ 120 ಬಡಿತದಲ್ಲಿ ಬಡಿತಕ್ಕೆ ನಾಲ್ಕರಂತೆ ನುಡಿಸಿದರೆ ಸೆಕೆಂಡಿಗೆ ಎಂಟು ಪೆಟ್ಟುಗಳಾಗುತ್ತವೆ, ಒಂದೊಂದು ಪೆಟ್ಟನ್ನು ಬಿಡಿಸಿ ನೋಡುವುದು ಅಸಾಧ್ಯ. ಆದರೂ ಆಗ ಸ್ಟಿಕ್ ಮಸುಕಾದ ಬೀಸಣಿಗೆಯ ಆಕಾರದಲ್ಲಿ ಕಾಣುತ್ತದೆ, ಅದರ ಮೇಲಂಚು ಎಡ ಬಲದಲ್ಲಿ ಒಂದೇ ಮಟ್ಟದಲ್ಲಿದೆಯೇ ಎಂದು ಹೋಲಿಸಬಹುದು. ವೇಗ ಏರಿದಂತೆ ಹೆಗಲು ಯಾವ ಹಂತದಲ್ಲಿ ಮೇಲೇಳಲು ತೊಡಗಿತು ಎಂಬುದನ್ನೂ ಗುರುತಿಸಬಹುದು. ಹೆಗಲು ಎದ್ದ ವೇಗವೇ ಸದ್ಯಕ್ಕೆ ನಿಮ್ಮ ಮಿತಿ. ಅಲ್ಲಿಂದ ಐದಾರು ಬಡಿತ ಇಳಿಸಿ ಅಭ್ಯಾಸ ಮುಂದುವರಿಸಿ.

ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಸಾಲದೇ?

ಎರಡರ ಉಪಯೋಗವೂ ಬೇರೆ. ಕನ್ನಡಿ ಆ ಕ್ಷಣದಲ್ಲೇ ತೋರಿಸುತ್ತದೆ, ಆ ಕ್ಷಣದಲ್ಲೇ ತಿದ್ದಿಕೊಳ್ಳಬಹುದು. ವಿಡಿಯೊದಲ್ಲಿ ತಿದ್ದುವ ಅವಕಾಶ ನುಡಿಸಿ ಮುಗಿಸಿದ ಮೇಲೆಯೇ. ಆದರೆ ನುಡಿಸುವ ಹೊಣೆ ಇಲ್ಲದೆ ಪೂರ್ಣ ಗಮನದಿಂದ ನೋಡಬಹುದು, ನಿಧಾನಗತಿಯಲ್ಲಿ ಹಿಂದೆ ಮುಂದೆ ಓಡಿಸಬಹುದು. ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೊದಲ್ಲಿ ವೇಗದ ಸ್ಟಿಕ್ ಮಸುಕಾಗುತ್ತದೆ. 120 ಅಥವಾ 240 ಚಿತ್ರಗಳ ನಿಧಾನಗತಿಯ ಸೌಲಭ್ಯವಿದ್ದರೆ ಬೆರಳುಗಳ ಕೆಲಸವೂ ಸ್ಪಷ್ಟವಾಗುತ್ತದೆ. ಪ್ರತಿದಿನಕ್ಕೆ ಕನ್ನಡಿ, ವಾರಕ್ಕೊಮ್ಮೆ ವಿಡಿಯೊ ಎಂಬ ಹಂಚಿಕೆ ಯೋಗ್ಯವಾದದ್ದು. ಮುಂದಿನ ಕ್ಯಾಮೆರಾ ತೆರೆದು ಮೊಬೈಲ್ ಪರದೆಯನ್ನೇ ಕನ್ನಡಿಯಂತೆ ಬಳಸುವುದು ಮಾತ್ರ ಬೇಡ. ಪರದೆ ಚಿಕ್ಕದು, ಚಿತ್ರ ತುಸು ತಡವಾಗಿ ಮೂಡುತ್ತದೆ, ಆ ತಡ ಲಯದ ಕೆಲಸದಲ್ಲಿ ಮನಸ್ಸನ್ನು ಕದಡುತ್ತದೆ.

ಕನ್ನಡಿಯಿಲ್ಲದೆ ನುಡಿಸಲಾಗದಂತೆ ಆಗಿಬಿಡುವ ಅಪಾಯವಿದೆಯೇ?

ಇದೆ, ಇದು ಈ ಪುಟದ ಅತ್ಯಂತ ಮುಖ್ಯ ಪ್ರಶ್ನೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಸಂಶೋಧಕರಾದ ಸ್ಯಾಲ್ಮನಿ, ಶ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಒಂದು ಮಹತ್ವದ ವಿಚಾರವನ್ನು ಮಂಡಿಸಿದರು. ಪ್ರತಿ ಪ್ರಯತ್ನಕ್ಕೂ ಹೊರಗಿನಿಂದ ಮಾಹಿತಿ ಸಿಗುತ್ತಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ. ಆದರೆ ಕಲಿಯುವವರು ಆ ಮಾಹಿತಿಯನ್ನೇ ಅವಲಂಬಿಸಿ ತಮ್ಮ ದೇಹದ ಒಳಗಿನ ಸೂಚನೆಗಳನ್ನು ಗಮನಿಸುವುದನ್ನು ಬಿಟ್ಟುಬಿಡುತ್ತಾರೆ, ಮಾಹಿತಿ ನಿಂತ ಕೂಡಲೇ ಕೌಶಲವೂ ಕುಸಿಯುತ್ತದೆ. ಅದರ ಮುಂದಿನ ವರ್ಷಗಳಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು, ಗಮನವನ್ನು ಸ್ವಂತ ಅಂಗಾಂಗಗಳ ಮೇಲಿಡುವುದಕ್ಕಿಂತ ಚಲನೆಯ ಪರಿಣಾಮದ ಮೇಲಿಟ್ಟಾಗ ಕಲಿಕೆ ಸಾಮಾನ್ಯವಾಗಿ ಉತ್ತಮವಾಗುತ್ತದೆಂದು ತೋರಿಸಿವೆ. ಡ್ರಮ್ಮರ್‌ಗೆ ಆ ಪರಿಣಾಮವೆಂದರೆ ನಾದ ಮತ್ತು ಲಯ.

ಹೀಗಾಗಿ ಕನ್ನಡಿಯನ್ನು ಊಹೆ ಮತ್ತು ಪರೀಕ್ಷೆಯ ಸಾಧನವಾಗಿ ಬಳಸಬೇಕು. ಒಂದು ಪಾಠವನ್ನು ಎರಡು ನಿಮಿಷ ಕನ್ನಡಿ ನೋಡುತ್ತಾ ನುಡಿಸಿ, ಸರಿಯಾದ ಚಲನೆ ಒಳಗಿನಿಂದ ಹೇಗೆ ಅನ್ನಿಸುತ್ತದೆ ಎಂಬುದನ್ನು ಗಮನಿಸಿ. ಬಳಿಕ ಕಣ್ಣು ಮುಚ್ಚಿ ಅಷ್ಟೇ ಹೊತ್ತು ನುಡಿಸಿ. ಕಣ್ಣು ತೆರೆಯುವ ಮುನ್ನ, ನುಡಿಸುತ್ತಲೇ, ‘ಈಗ ಎಡ ಸ್ಟಿಕ್ ಬಲದ್ದಕ್ಕಿಂತ ಕೆಳಗಿದೆ’ ಅಥವಾ ‘ಎರಡೂ ಸಮನಾಗಿವೆ’ ಎಂದು ಮನಸ್ಸಿನಲ್ಲಿ ನಿರ್ಧಾರ ಮಾಡಿಕೊಳ್ಳಿ. ಆಮೇಲೆ ನೋಡಿ. ಊಹೆ ಸುಳ್ಳಾದರೆ ಕಲಿಯಬೇಕಾದದ್ದು ಅಲ್ಲಿಯೇ ಇದೆ. ಊಹೆಗಳು ಒಂದೇ ಸಮನೆ ನಿಜವಾಗತೊಡಗಿದಾಗ ಆ ಪಾಠಕ್ಕೆ ಕನ್ನಡಿಯ ಅಗತ್ಯ ತೀರಿತು, ಮುಂದಿನ ಪಾಠಕ್ಕೆ ಹೋಗಬಹುದು. ಒಟ್ಟು ಅಭ್ಯಾಸದ ಕಾಲುಭಾಗಕ್ಕಿಂತ ಹೆಚ್ಚು ಹೊತ್ತು ಕನ್ನಡಿಯನ್ನು ನೋಡುತ್ತಿರುವುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು. ಹಾಡುಗಳನ್ನು ನುಡಿಸುವಾಗ, ತಂಡದ ಜೊತೆ ಕೂರುವಾಗ ಅದಕ್ಕೊಂದು ಪರದೆ ಎಳೆದುಬಿಡಿ.

ಪಾದಗಳ ಕೆಲಸವನ್ನು ನೋಡುವುದು ಹೇಗೆ?

ಎದುರಿನ ಕನ್ನಡಿಗೆ ಬೇಸ್ ಡ್ರಮ್ ಅಡ್ಡವಾಗುತ್ತದೆ. ಒಂದು ಅಡಿಯಷ್ಟಿರುವ ಚಿಕ್ಕ ಕನ್ನಡಿಯನ್ನು ಪೆಡಲಿನ ಪಕ್ಕದಲ್ಲಿ, ನೆಲದ ಮಟ್ಟದಲ್ಲಿ, ತುಸು ಮೇಲ್ಮುಖವಾಗಿ ಇಟ್ಟರೆ ಪಾದದ ಪಕ್ಕದ ನೋಟ ಸಿಗುತ್ತದೆ. ಹಿಮ್ಮಡಿ ಎತ್ತಿ ನುಡಿಸುವವರು ಅದನ್ನು ಅಗತ್ಯಕ್ಕಿಂತ ಮೇಲೆತ್ತುತ್ತಿದ್ದಾರೆಯೇ, ಬೀಟರ್ (ಪೆಡಲಿನ ಬಡಿಯುವ ಕೋಲು) ಬಡಿದ ಮೇಲೆ ಚರ್ಮಕ್ಕೆ ಒತ್ತಿಕೊಂಡೇ ನಿಲ್ಲುತ್ತಿದೆಯೇ ಅಥವಾ ಮರಳುತ್ತಿದೆಯೇ ಎಂಬುದನ್ನು ನೋಡಿ. ಒತ್ತಿ ಹಿಡಿಯುವುದು ತಪ್ಪೇನೂ ಅಲ್ಲ, ಮೊಟಕಾದ ನಾದ ಬೇಕಾದಾಗ ಅದೇ ಸರಿ. ಅದು ನಿಮ್ಮ ಆಯ್ಕೆಯಾಗಿರಬೇಕು ಅಷ್ಟೆ.

ಮುಖದ ಕಡೆಗೂ ಗಮನ ಕೊಡಬೇಕೇ?

ಖಂಡಿತ. ಕಚ್ಚಿದ ದವಡೆ, ಬಿಗಿದ ತುಟಿ, ಗಂಟಿಕ್ಕಿದ ಹುಬ್ಬು ಇವು ಕಾಣಿಸಿದ ಕಡೆ ಉಸಿರನ್ನೂ ತಡೆಹಿಡಿದಿರುವ ಸಂಭವ ಹೆಚ್ಚು, ಮುಂಗೈಯೂ ಬಿಗಿದಿರುತ್ತದೆ. ಕಠಿಣವಾದ ಫಿಲ್ (ಸಾಲುಗಳ ನಡುವೆ ತುಂಬುವ ಸಣ್ಣ ನುಡಿತ) ಒಂದು ಬರುವ ಮುನ್ನ ಮುಖ ಬದಲಾಗುವುದನ್ನು ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ನಮ್ಮ ಸಂಗೀತ ಶಾಸ್ತ್ರ ಈ ಸಂಗತಿಯನ್ನು ಬಹಳ ಹಿಂದೆಯೇ ಗಂಭೀರವಾಗಿ ಪರಿಗಣಿಸಿತ್ತು: 13ನೆಯ ಶತಮಾನದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಪಟ್ಟಿ ಮಾಡಿರುವ 25 ಗಾಯಕದೋಷಗಳಲ್ಲಿ ಬಾಯಿಯನ್ನು ವಿಕಾರವಾಗಿ ತೆರೆಯುವುದು, ಕತ್ತು ಸೊಟ್ಟ ಮಾಡುವುದು, ಕಣ್ಣು ಮುಚ್ಚಿ ಹಾಡುವುದು ಇವೂ ಸೇರಿವೆ. ಹಾಡುವವರಿಗೆ ಹೇಳಿದ ಆ ಮಾತು ಬಡಿಯುವವರಿಗೂ ಸಲ್ಲುತ್ತದೆ.

ಟ್ರೆಡಿಷನಲ್ ಗ್ರಿಪ್‌ನಲ್ಲಿ ಎರಡು ಕೈಗಳೂ ಬೇರೆ ಬೇರೆ. ಆಗ ಹೋಲಿಸುವುದು ಹೇಗೆ?

ಹೆಗಲಿನಿಂದ ಇಳಿಬಿಟ್ಟ ಸೈನಿಕರ ಡ್ರಮ್ ಒಂದು ಬದಿಗೆ ವಾಲುತ್ತಿದ್ದುದರಿಂದ ಹುಟ್ಟಿದ ಹಿಡಿತವಿದು. ಎಡ ಅಂಗೈ ಮೇಲ್ಮುಖವಾಗಿದ್ದು ಮುಂಗೈ ಬೀಗದ ಕೈ ತಿರುಗಿಸಿದಂತೆ ಹೊರಳುತ್ತದೆ. ಕೈಗಳ ಆಕಾರವನ್ನು ಹೋಲಿಸುವುದನ್ನು ಬಿಟ್ಟು ಸ್ಟಿಕ್ ತುದಿಗಳ ಎತ್ತರ ಮತ್ತು ಹೆಗಲುಗಳ ಮಟ್ಟವನ್ನು ಮಾತ್ರ ಹೋಲಿಸಿ. ಎಡ ಮೊಣಕೈ ಪಕ್ಕಕ್ಕೆ ರೆಕ್ಕೆಯಂತೆ ಏಳುತ್ತಿದ್ದರೆ ಮುಂಗೈ ಹೊರಳುವ ಬದಲು ತೋಳೇ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಕೋಣೆಯಲ್ಲಿ ದೊಡ್ಡ ಗಾಜಿದ್ದರೆ ಸದ್ದು ಹೆಚ್ಚಾಗುವುದಿಲ್ಲವೇ?

ಗಾಜು ತಾರ ಧ್ವನಿಗಳನ್ನು ಬಹುತೇಕ ಹಾಗೆಯೇ ಹಿಂದಿರುಗಿಸುತ್ತದೆ, ಸಿಂಬಲ್‌ಗಳು ಇನ್ನಷ್ಟು ಕರ್ಕಶವಾಗಿ ಕೇಳಿಸುತ್ತವೆ. ನೋಡಬೇಕಾದಾಗ ಮಾತ್ರ ಸರಿಸುವಂತೆ ದಪ್ಪ ಪರದೆಯೊಂದನ್ನು ಹಾಕಿ. ಡ್ರಮ್ಸ್ ಸದ್ದು ಸುಲಭವಾಗಿ 100 ಡೆಸಿಬೆಲ್ ಮುಟ್ಟುತ್ತದೆ. 85 ಡೆಸಿಬೆಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಅರ್ಧ ಸಮಯ ಎಂಬ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ ಅಷ್ಟು ಸದ್ದಿನಲ್ಲಿ ದಿನಕ್ಕೆ 15 ನಿಮಿಷವೇ ಮಿತಿ. ಕನ್ನಡಿ ಇರಲಿ ಇಲ್ಲದಿರಲಿ, ಕಿವಿಗೆ ರಕ್ಷಣೆ ಬೇಕೇ ಬೇಕು.

ಮೃದಂಗ, ತಬಲಾ ಕಲಿಯುವವರಿಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಆದರೆ ಕನ್ನಡಿಯ ಜಾಗ ಬದಲಾಗಬೇಕು. ಮೃದಂಗದ ಎರಡು ಮುಖಗಳೂ ಪಕ್ಕಕ್ಕೆ ತಿರುಗಿರುವುದರಿಂದ ಎದುರಿನ ಕನ್ನಡಿಯಲ್ಲಿ ಬೆರಳುಗಳ ಕೆಲಸ ಕಾಣದು; ಕುಳಿತ ಭಂಗಿ, ಬೆನ್ನು, ಹೆಗಲು, ತೊಪ್ಪಿಯ (ಎಡಮುಖದ) ಕಡೆ ಎಡಗೈ ಎಷ್ಟು ಅಗಲಕ್ಕೆ ಬೀಸುತ್ತಿದೆ ಎಂಬುದಷ್ಟೇ ಕಾಣುತ್ತದೆ. ಬೆರಳುಗಳನ್ನು ನೋಡಲು ನೆಲದ ಮಟ್ಟದಲ್ಲಿ ಬಲಮುಂಭಾಗಕ್ಕೆ ಓರೆಯಾಗಿ ಒಂದು ಕನ್ನಡಿ ಬೇಕು. ‘ನಂ’ ನುಡಿಸುವಾಗ ಉಂಗುರ ಬೆರಳು ಕರಣೆಯ (ಬಲಮುಖದ ನಡುವಿನ ಕಪ್ಪು ವೃತ್ತದ) ಅಂಚಿನಲ್ಲಿ ಹಗುರವಾಗಿ ತಂಗಿ, ತೋರುಬೆರಳು ಮೀಟಿನ (ಅದೇ ಮುಖದ ಹೊರಅಂಚಿನ ಚರ್ಮದ) ಮೇಲೆ ಬೀಳಬೇಕು. ತಂಗಬೇಕಾದ ಬೆರಳು ಒತ್ತಿಕೊಂಡಿದ್ದರೆ ಶ್ರುತಿಯ ನಾದ ಅರಳುವುದಿಲ್ಲ. ‘ತ ದಿ ತೊಂ ನಂ’ ಪಾಠದ ಹಂತದಲ್ಲೇ ಇದನ್ನು ನೋಡಿಕೊಂಡರೆ ಮುಂದೆ ಬಹಳ ಶ್ರಮ ಉಳಿಯುತ್ತದೆ. ತಬಲಾದಲ್ಲಿ ವಾದ್ಯದ ಮುಖ ಮೇಲ್ಗಡೆ ಇರುವುದರಿಂದ ಎದುರಿನ ಕನ್ನಡಿ ತಕ್ಕಮಟ್ಟಿಗೆ ಸಾಕು. ಎಡಗೈಯ ಮಣಿಕಟ್ಟು ಬಾಯಾದ (ಎಡಗೈಯಿಂದ ನುಡಿಸುವ ದೊಡ್ಡ ತಬಲೆಯ) ಮೇಲೆ ಊರಿದೆಯೇ, ಪೆಟ್ಟಿನ ಹೊತ್ತಿಗೆ ಎದ್ದುಬಿಡುತ್ತಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ.

ಮಕ್ಕಳಿಗೆ ಕನ್ನಡಿ ಕೊಡಬಹುದೇ?

ಕೊಡಬಹುದು, ಆದರೆ ದೊಡ್ಡವರು ಪಕ್ಕದಲ್ಲಿದ್ದು ನೋಡಬೇಕಾದ ಒಂದೇ ಒಂದು ವಿಷಯವನ್ನು ಹೇಳಬೇಕು. ‘ಎರಡು ಸ್ಟಿಕ್ಕೂ ಒಂದೇ ಎತ್ತರಕ್ಕೆ ಬರ್ತಾ ಇದೆಯಾ ನೋಡು, ಪುಟ್ಟ’ ಎಂದರೆ ಮಗು ಅದನ್ನು ಆಟದಂತೆ ಮಾಡುತ್ತದೆ. ತಪ್ಪುಗಳ ಪಟ್ಟಿಯನ್ನೇ ಮುಂದಿಟ್ಟರೆ ಮಗು ತನ್ನನ್ನು ತಾನು ನೋಡಿಕೊಳ್ಳಲು ಸಂಕೋಚಪಡುತ್ತದೆ, ಆ ಸಂಕೋಚ ಕೈಯನ್ನೂ ಬಿಗಿಯುತ್ತದೆ.

ಭಂಗಿ ಸರಿಯಾಗಿ ಕಂಡರೂ ಕೈ ನೋಯುತ್ತಿದ್ದರೆ?

ಕನ್ನಡಿಗೆ ಆಕಾರ ಕಾಣುತ್ತದೆ, ಹಿಡಿತದ ಒತ್ತಡ ಕಾಣದು. ನೋಡಲು ಸುಂದರವಾದ ಹಿಡಿತದಲ್ಲೂ ಬೆರಳುಗಳು ಸ್ಟಿಕ್ಕನ್ನು ಹಿಂಡುತ್ತಿರಬಹುದು. ನುಡಿಸುವುದನ್ನು ನಿಲ್ಲಿಸಿದ ಮೇಲೂ ನೋವು, ಜೋಮು ಅಥವಾ ಬೆರಳುಗಳಲ್ಲಿ ಚುಚ್ಚುವಿಕೆ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಣಿಕಟ್ಟಿನ ನರ ಮತ್ತು ಸ್ನಾಯುರಜ್ಜುಗಳ ತೊಂದರೆಯನ್ನು ತಡಮಾಡಿದಷ್ಟೂ ಗುಣವಾಗುವ ಅವಧಿ ಹಿಗ್ಗುತ್ತದೆ.

ಆನ್‌ಲೈನ್ ತರಗತಿಯಲ್ಲಿ ಕನ್ನಡಿಯಿಂದ ಏನಾದರೂ ಪ್ರಯೋಜನವಿದೆಯೇ?

ಹೊರದೇಶದಲ್ಲಿದ್ದು ಬೆಂಗಳೂರಿನ ಅಥವಾ ಮೈಸೂರಿನ ಗುರುಗಳಿಂದ ಮೊಬೈಲ್ ಮೂಲಕ ಕಲಿಯುವ ಕನ್ನಡಿಗರಿಗೆ ಇದು ವಿಶೇಷವಾಗಿ ಉಪಯುಕ್ತ. ಒಂದೇ ಕ್ಯಾಮೆರಾ ಇದ್ದಾಗ ಗುರುಗಳಿಗೆ ಒಂದೇ ಕೋನ ಕಾಣುತ್ತದೆ, ‘ಸ್ವಲ್ಪ ಈ ಕಡೆ ತಿರುಗಿ’ ಎಂದು ಅವರು ಪದೇ ಪದೇ ಹೇಳಬೇಕಾಗುತ್ತದೆ. ಕ್ಯಾಮೆರಾವನ್ನು ಎದುರಿಗಿಟ್ಟು, ನಿಮ್ಮ ಪಕ್ಕದಲ್ಲಿ ತುಸು ಹಿಂದಕ್ಕೆ ಕನ್ನಡಿಯೊಂದನ್ನು ಓರೆಯಾಗಿ ನಿಲ್ಲಿಸಿದರೆ, ಅದೇ ಚಿತ್ರದಲ್ಲಿ ಪಕ್ಕದ ನೋಟವೂ ಅವರಿಗೆ ದೊರೆಯುತ್ತದೆ. ಕನ್ನಡಿಯ ಜಾಗವನ್ನು ತರಗತಿ ಆರಂಭವಾಗುವ ಮುನ್ನ ನಿಮ್ಮ ಪರದೆಯಲ್ಲೇ ನೋಡಿ ಸರಿಪಡಿಸಿಕೊಳ್ಳಿ, ದೀಪದ ಬೆಳಕು ಅದರಿಂದ ಪ್ರತಿಫಲಿಸಿ ನೇರವಾಗಿ ಕ್ಯಾಮೆರಾಕ್ಕೆ ಹೊಡೆಯದಂತೆ ನೋಡಿಕೊಳ್ಳಿ. ಆ ಪಕ್ಕದ ನೋಟ ಕನ್ನಡಿಯದು, ಅದರಲ್ಲಿ ಎಡ ಬಲ ತಿರುವುಮುರುವಾಗಿ ಕಾಣುತ್ತದೆ ಎಂಬುದನ್ನು ಮೊದಲ ದಿನವೇ ಗುರುಗಳಿಗೆ ತಿಳಿಸಿಬಿಡಿ.